ಮತದಾರರ ಪಟ್ಟಿಯಿಂದ ಹೆಸರು ಹೋಗುವುದು ಎಲ್ಲಿ? ಕಾರವಾರ, ಶಿರಸಿ ಕಡೆಯವರು ನೋಡಬೇಕಾದ್ದು

ಸದಾಶಿವಗಡ ನಾಯ್ಕ
ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಮತದಾರರ ಹೆಸರು ತೆಗೆಸಲು ಸಾವಿರಾರು ಅರ್ಜಿ ಬಂದ ವಿಷಯ ಸುದ್ದಿಯಾದ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಎರಡು ಮಾತು ಓಡಾಡುತ್ತಿವೆ. ಯಾರು ಬೇಕಾದರೂ ಮೊಬೈಲಿನಲ್ಲೇ ಯಾರ ಹೆಸರನ್ನಾದರೂ ತೆಗೆಸಿಬಿಡಬಹುದು ಎನ್ನುವುದು ಒಂದು. ಅಂಥದ್ದು ಆಗಲು ಸಾಧ್ಯವೇ ಇಲ್ಲ, ಎಲ್ಲ ರಾಜಕೀಯ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ. ತೆಗೆಯಿರಿ ಎಂದು ಅರ್ಜಿ ಹಾಕುವುದು ಬೇರೆ, ಹೆಸರು ತೆಗೆಯುವುದು ಬೇರೆ. ನಡುವೆ ನೋಟಿಸು, ಮತಗಟ್ಟೆ ಮಟ್ಟದ ಅಧಿಕಾರಿ ಅಂದರೆ ಬಿಎಲ್‌ಒ ಪರಿಶೀಲನೆ, ನೋಂದಣಿ ಅಧಿಕಾರಿಯ ಆದೇಶ ಇವೆ. ಇವುಗಳಲ್ಲಿ ನಮ್ಮ ಕಡೆ ಸಡಿಲ ಬೀಳುವುದು ಯಾವುದು, ಸಡಿಲ ಬಿದ್ದಾಗ ಯಾವ ಕಾಗದ ಹಿಡಿದು ಕೇಳಬೇಕು, ಇಷ್ಟು ತಿಳಿದವರು ಬರೆಯಿರಿ. ದಯವಿಟ್ಟು ಪಕ್ಷದ ಹೆಸರು ಬೇಡ. ಭಾಗ ಸಂಖ್ಯೆ (ಒಂದು ಮತಗಟ್ಟೆಯ ಪಟ್ಟಿಯ ನಂಬರು), ಕಾನೂನಿನ ಕಲಂ, ಫಾರಂ ನಂಬರು ಇದ್ದರೆ ಸಾಕು.

ಬನವಾಸಿ ರಸ್ತೆ
ನಾಯ್ಕರೇ, ಮೊದಲು ಪಟ್ಟಿ ಓದಲು ಬರಬೇಕು. ಜಿಲ್ಲೆಯ ಆರು ಕ್ಷೇತ್ರಗಳು: 76 ಹಳಿಯಾಳ, 77 ಕಾರವಾರ, 78 ಕುಮಟಾ, 79 ಭಟ್ಕಳ, 80 ಶಿರಸಿ, 81 ಯಲ್ಲಾಪುರ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಕ್ಷೇತ್ರ, ಆಮೇಲೆ ಭಾಗ ಆರಿಸಿದರೆ ಪಿಡಿಎಫ್ ಸಿಗುತ್ತದೆ. ಹೆಚ್ಚಿನವರು ತಮ್ಮ ಹೆಸರು ಹುಡುಕಿ, ಸಿಕ್ಕರೆ ಮುಚ್ಚಿಡುತ್ತಾರೆ. ಕೊನೆಯ ಪುಟಗಳ ಪೂರಕ ಪಟ್ಟಿಗೆ ಹೋಗಿ. ಅಲ್ಲಿ ಸೇರ್ಪಡೆ, ತೆಗೆದುಹಾಕಿದ್ದು, ತಿದ್ದುಪಡಿ ಎಂದು ಮೂರು ವಿಭಾಗ. ತೆಗೆದ ಪ್ರತಿ ಹೆಸರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಇ’ ಎಂದರೆ ಮೃತರು, ‘ಎಸ್’ ಸ್ಥಳಾಂತರ, ‘ಆರ್’ ಎರಡೆರಡು ಕಡೆ ಇದ್ದದ್ದು, ‘ಎಂ’ ಪತ್ತೆಯಿಲ್ಲ, ‘ಕ್ಯೂ’ ಅನರ್ಹ.

ಆ ಒಂದು ಅಕ್ಷರ ಎಲ್ಲವನ್ನೂ ಹೇಳುತ್ತದೆ. ಬದುಕಿರುವವರ ಮುಂದೆ ‘ಇ’ ಇದ್ದರೆ ಯಾರೋ ಸುಳ್ಳು ಹೇಳಿದ್ದಾರೆ, ಇಲ್ಲವೇ ಅದೇ ಹೆಸರಿನ ಬೇರೆಯವರು ತೀರಿಕೊಂಡಿದ್ದಾರೆ. ‘ಎಸ್’ ಇದ್ದರೆ ಬಿಎಲ್‌ಒ ಬಂದಾಗ ಮನೆಗೆ ಬೀಗ ಇತ್ತು ಎಂಬ ಅನುಮಾನ ಮೊದಲು ಬರಬೇಕು. ಒಂದೇ ಭಾಗದಲ್ಲಿ, ಒಂದೇ ಕೇರಿಯಲ್ಲಿ, ಒಟ್ಟೊಟ್ಟಿಗೆ ‘ಎಸ್’ ಕಂಡರೆ ಮಾತ್ರ ಅದು ಹೆದರಬೇಕಾದ ಲಕ್ಷಣ. ಚದುರಿಕೊಂಡಿದ್ದರೆ ಬಹುತೇಕ ಉದಾಸೀನ.

ಗಂಗಾವಳಿ ತೀರ
ಬನವಾಸಿಯವರು ಹೇಳಿದ ‘ಆರ್’ ಅಕ್ಷರದ್ದು ನಮ್ಮ ಕರಾವಳಿಯಲ್ಲಿ ದೊಡ್ಡ ಸಮಸ್ಯೆ. ಹೆಸರು, ತಂದೆಯ ಹೆಸರು, ವಯಸ್ಸು ಹೋಲುವ ನಮೂದುಗಳನ್ನು ಆಯೋಗದ ತಂತ್ರಾಂಶ ತಾನೇ ಹೆಕ್ಕಿ ಕೊಡುತ್ತದೆ, ಫೋಟೊ ಹೋಲುವವುಗಳನ್ನೂ ಬೇರೆಯಾಗಿ ಕೊಡುತ್ತದೆ. ಹೆಕ್ಕುವುದಷ್ಟೇ ತಂತ್ರಾಂಶದ ಕೆಲಸ, ತೀರ್ಮಾನ ಮನುಷ್ಯರದ್ದು. ಈಗ ಅಂಕೋಲೆ ಕಡೆಯ ಯಾವುದಾದರೂ ಹಾಲಕ್ಕಿ ಒಕ್ಕಲಿಗರ ಕೊಪ್ಪ (ಕೇರಿ) ನೋಡಿ. ಅಡ್ಡಹೆಸರು ಎಲ್ಲರಿಗೂ ಗೌಡ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ. ಹಾಗಾಗಿ ತಿಮ್ಮಾ ಬೊಮ್ಮ ಗೌಡ ಎಂಬುವವರು ಒಂದೇ ಭಾಗದಲ್ಲಿ ಇಬ್ಬರು ಮೂವರು ಇರುತ್ತಾರೆ, ಎಲ್ಲರೂ ಅಸಲಿ. ಮನೆ ನಂಬರಿನ ಜಾಗದಲ್ಲಿ ಸೊನ್ನೆ, ಇಲ್ಲವೇ ಇಡೀ ಕೊಪ್ಪಕ್ಕೆ ಒಂದೇ ನಂಬರು. ಜನ್ಮದಿನಾಂಕ ಗೊತ್ತಿಲ್ಲದವರಿಗೆಲ್ಲ ಜನವರಿ 1. ತಂತ್ರಾಂಶಕ್ಕೆ ಇವರೆಲ್ಲ ಒಬ್ಬರೇ ಎಂದು ಕಾಣುವುದು ಸಹಜ. ಖಾರ್ವಿ, ಹರಿಕಂತ್ರ, ಮೊಗೇರ ಕೇರಿಗಳಲ್ಲೂ ಇದೇ.

ತಡೆಯುವ ದಾರಿ: ಇಂಥ ಮನೆಗಳವರು ತಿದ್ದುಪಡಿಯ ಫಾರಂ 8 ಹಾಕಿ ನಾಲ್ಕು ವಿಷಯ ಸರಿಮಾಡಿಸಿಕೊಳ್ಳಲಿ. ಪಂಚಾಯತ ಆಸ್ತಿ ನಂಬರು, ಸರಿಯಾದ ಜನ್ಮದಿನಾಂಕ, ಹೊಸ ಫೋಟೊ, ಮೊಬೈಲ್ ನಂಬರು. ಮೊಬೈಲ್ ನಂಬರು ಮುಖ್ಯ, ಏಕೆಂದರೆ ಹೆಸರಿನ ಮೇಲೆ ಏನಾದರೂ ಅರ್ಜಿ ಬಂದಾಗ ಮೊದಲು ಗೊತ್ತಾಗುವ ಸಾಧ್ಯತೆ ಇರುವುದು ಅಲ್ಲೇ.

ಸಿದ್ದಾಪುರ ಹೆಗಡೆ
ಇದಕ್ಕೆಲ್ಲ ‘ಹಕ್ಕು ಕಸಿಯುವುದು’ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಘಟ್ಟದ ಮೇಲಿನ ಊರುಗಳಲ್ಲಿ ಮನೆ ಖಾಲಿ, ಮಕ್ಕಳೆಲ್ಲ ಬೆಂಗಳೂರಲ್ಲಿ. ಊರಲ್ಲೂ ಹೆಸರು, ಅಲ್ಲೂ ಹೆಸರು. 1950ರ ಜನಪ್ರತಿನಿಧಿ ಕಾಯ್ದೆಯ ಕಲಂ 17, 18ರ ಪ್ರಕಾರ ಎರಡು ಕ್ಷೇತ್ರದಲ್ಲಿ ಇರುವಂತಿಲ್ಲ, ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರುವಂತಿಲ್ಲ. ಸುಳ್ಳು ಘೋಷಣೆಗೆ ಕಲಂ 31ರಲ್ಲಿ ಒಂದು ವರ್ಷದವರೆಗೆ ಸಜೆ ಇದೆ. 2024ರಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26, ನಮ್ಮದು ಮೇ 7. ಎರಡೂ ಕಡೆ ಹೆಸರಿದ್ದವರಿಗೆ ಅಡ್ಡಿ ಏನಿತ್ತು? ತೀರಿಹೋದವರ ಹೆಸರು ವರ್ಷಗಟ್ಟಲೆ ಉಳಿದಿರುತ್ತದೆ. ಹೆಸರು ತೆಗೆಸುವ ಅರ್ಜಿ, ಫಾರಂ 7, ಇರುವುದೇ ಇದಕ್ಕೆ. ಪಟ್ಟಿ ಚೊಕ್ಕ ಮಾಡುವವರನ್ನೆಲ್ಲ ಕಳ್ಳರಂತೆ ನೋಡಿದರೆ ಬಿಎಲ್‌ಒಗಳು ಕೈಚೆಲ್ಲಿ ಕೂತುಬಿಡುತ್ತಾರೆ.

ಕುಮಟಾ ಶಾನಭಾಗ
ಹೆಗಡೇರೇ, ಅಡ್ಡಿ ಇತ್ತು. 1961ರ ಚುನಾವಣಾ ನಿರ್ವಹಣಾ ನಿಯಮಗಳ 49ಕೆ ಪ್ರಕಾರ ಮತಗಟ್ಟೆ ಸಿಬ್ಬಂದಿ ಎಡಗೈ ತೋರುಬೆರಳು ನೋಡಲೇಬೇಕು. ಗುರುತು ಇದ್ದವರಿಗೆ ಮತ ಹಾಕಲು ಬಿಡುವಂತಿಲ್ಲ. ಹನ್ನೊಂದು ದಿನಕ್ಕೆ ಉಗುರಿನ ಶಾಯಿ ಹೋಗುವುದಿಲ್ಲ. ಹಾಗೆಂದು ಎರಡು ಹೆಸರು ಇಟ್ಟುಕೊಳ್ಳುವುದನ್ನು ನಾನು ಸಮರ್ಥಿಸುವುದಿಲ್ಲ, ಒಂದು ತೆಗೆಸಲೇಬೇಕು.

ಆದರೆ ಬೀಗ ಹಾಕಿದ ಮನೆ ಎಂದ ಕೂಡಲೇ ಹೆಸರು ತೆಗೆಯಲು ಆಗದು. ನೀವು ಹೇಳಿದ 1950ರ ಕಾಯ್ದೆಯ ಕಲಂ 20 ಓದಿ: ತಾತ್ಕಾಲಿಕವಾಗಿ ಊರಲ್ಲಿ ಇಲ್ಲದ ಮಾತ್ರಕ್ಕೆ ‘ಸಾಮಾನ್ಯ ನಿವಾಸಿ’ ಅಲ್ಲ ಎಂದಾಗುವುದಿಲ್ಲ. ಊರಲ್ಲಿ ಬರೀ ಆಸ್ತಿ ಇದೆ ಎಂಬುದರಿಂದ ನಿವಾಸಿ ಆಗುವುದೂ ಇಲ್ಲ, ಇದು ನಿಮ್ಮ ಬೆಂಗಳೂರಿನ ಮಕ್ಕಳಿಗೆ ಅನ್ವಯ. ಮಲ್ಪೆಯಲ್ಲೋ ರತ್ನಾಗಿರಿಯಲ್ಲೋ ಬೋಟಿಗೆ ಹೋಗಿ, ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧಕ್ಕೆ ಮನೆಗೆ ಬರುವ ತದಡಿಯ ಕಲಾಸಿ (ಬೋಟಿನ ಕೆಲಸಗಾರ) ಊರಿನ ನಿವಾಸಿಯೇ. ಪರಿಶೀಲನೆ ಸಾಮಾನ್ಯವಾಗಿ ಮಳೆ ಮುಗಿದ ಮೇಲೆ, ಅವನು ಸಮುದ್ರದಲ್ಲಿರುವಾಗ. ಅವನ ಹೆಸರಿನ ಮುಂದೆ ‘ಎಸ್’ ಬೀಳುವುದು ಹೀಗೆ. ಯಾರ ಸಂಚೂ ಇರಬೇಕೆಂದಿಲ್ಲ, ಅವನ ಮತ ಹೋಗುವುದಂತೂ ನಿಜ.

ಕಲಂ 22 ಸ್ಪಷ್ಟವಾಗಿದೆ. ನಿವಾಸಿಯಲ್ಲ, ಅರ್ಹನಲ್ಲ ಎಂಬ ಕಾರಣಕ್ಕೆ ತೆಗೆಯುವ ಮೊದಲು ಅವರ ಮಾತು ಕೇಳಲು ಅವಕಾಶ ಕೊಡಬೇಕು. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ: ಈಗಾಗಲೇ ಪಟ್ಟಿಯಲ್ಲಿ ಇರುವವರನ್ನು ವಿಚಾರಣೆಯಿಲ್ಲದೆ ತೆಗೆಯಬಾರದು, ಹಿಂದೆ ಸೇರಿಸುವಾಗ ಸರಿಯಾಗಿ ನೋಡಿಯೇ ಸೇರಿಸಿದ್ದಾರೆ ಎಂಬ ಊಹೆಗೆ ಬೆಲೆ ಇದೆ.

ಸದಾಶಿವಗಡ ನಾಯ್ಕ
ಶಾನಭಾಗರೇ, ಫಾರಂ 7 ಯಾರು ಹಾಕಬಹುದು, ಹಾಕಿದ್ದು ಹೇಗೆ ಗೊತ್ತಾಗುತ್ತದೆ, ಅದನ್ನೂ ಬರೆಯಿರಿ.

ಕುಮಟಾ ಶಾನಭಾಗ
ಅದೇ ಕ್ಷೇತ್ರದ ಪಟ್ಟಿಯಲ್ಲಿ ಇರುವ ಮತದಾರ ಹಾಕಬೇಕು, ತನ್ನ ಎಪಿಕ್ (ಮತದಾರರ ಗುರುತಿನ ಚೀಟಿ) ನಂಬರಿನ ಜತೆ. ಕಾರಣಕ್ಕೆ ಐದೇ ಆಯ್ಕೆ: ಮರಣ, 18 ತುಂಬಿಲ್ಲ, ಊರಲ್ಲಿ ಇಲ್ಲ ಅಥವಾ ಕಾಯಂ ಸ್ಥಳಾಂತರ, ಈಗಾಗಲೇ ಬೇರೆ ಕಡೆ ಇದ್ದಾರೆ, ಭಾರತದ ಪ್ರಜೆಯಲ್ಲ. ಸುಳ್ಳೆಂದು ಗೊತ್ತಿದ್ದು ಬರೆದರೆ ಹೆಗಡೇರು ಹೇಳಿದ ಅದೇ ಕಲಂ 31 ಇವರ ಕೊರಳಿಗೂ ಬರುತ್ತದೆ. ರಾಶಿಗಟ್ಟಲೆ ಅರ್ಜಿ ತಂದು ಸುರಿಯುವುದಕ್ಕೂ ಅವಕಾಶವಿಲ್ಲ. ಪಕ್ಷದ ಬೂತ್ ಏಜೆಂಟ್ ದಿನಕ್ಕೆ ಹತ್ತರವರೆಗೆ ಕೊಡಬಹುದು, ಒಟ್ಟು ಮೂವತ್ತು ಮೀರಿದರೆ ಅಧಿಕಾರಿಯೇ ಖುದ್ದು ಪರಿಶೀಲಿಸಬೇಕು.

ಬಂದ ಅರ್ಜಿಗಳ ಪಟ್ಟಿಯನ್ನು ನೋಂದಣಿ ಅಧಿಕಾರಿ ಪ್ರಕಟಿಸಬೇಕು. ಫಾರಂ 9ರಲ್ಲಿ ಸೇರ್ಪಡೆ ಅರ್ಜಿಗಳು, ಫಾರಂ 10ರಲ್ಲಿ ತೆಗೆಯುವ ಅರ್ಜಿಗಳು, ಫಾರಂ 11ರಲ್ಲಿ ತಿದ್ದುಪಡಿಗಳು. ಕಚೇರಿಯ ಫಲಕದಲ್ಲೂ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೂ ಇರುತ್ತವೆ. ಆಕ್ಷೇಪಣೆಗೆ ಏಳು ದಿನ ಬಿಟ್ಟೇ ತೀರ್ಮಾನ ಆಗಬೇಕು. ಊರಿಗೆ ಒಬ್ಬರು ವಾರಕ್ಕೊಮ್ಮೆ ತಮ್ಮ ಭಾಗದ ಫಾರಂ 10 ತೆರೆದು ನೋಡಿದರೆ, ತೆಗೆಯುವ ಮೊದಲೇ ಗೊತ್ತಾಗುತ್ತದೆ. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಉಪಯುಕ್ತ ಎನಿಸುವ ಕೆಲಸ ಇದೊಂದೇ. ಪಕ್ಷಗಳ ಏಜೆಂಟರೇ ಇದನ್ನು ನೋಡುವುದಿಲ್ಲ ಎಂಬುದು ಬೇಸರದ ಸಂಗತಿ.

ಬನವಾಸಿ ರಸ್ತೆ
ಆಳಂದದಲ್ಲಿ ಆದದ್ದೂ ಇಲ್ಲಿಗೆ ಹೊಂದುತ್ತದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಆನ್‌ಲೈನಿನಲ್ಲಿ 6,018 ಫಾರಂ 7 ಬಂದವು. ಪರಿಶೀಲಿಸಿದಾಗ 24 ಮಾತ್ರ ಸರಿ, 5,994 ತಪ್ಪು. ಆ ಹೆಸರುಗಳನ್ನು ತೆಗೆಯಲಿಲ್ಲ ಎಂದು ಆಯೋಗ ಹೇಳಿದೆ. ಫೆಬ್ರವರಿ 2023ರಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ಸೆಪ್ಟೆಂಬರ್ 2025ರಲ್ಲಿ ರಾಹುಲ್ ಗಾಂಧಿ ಪತ್ರಿಕಾಗೋಷ್ಠಿಯಲ್ಲಿ ಇದನ್ನೇ ಎತ್ತಿದರು, ಆಯೋಗ ಆರೋಪ ಆಧಾರರಹಿತ ಎಂದಿತು, ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅದೇ ತಿಂಗಳಲ್ಲಿ ಆನ್‌ಲೈನ್ ಅರ್ಜಿಗೆ ಆಧಾರ್‌ಗೆ ಜೋಡಿಸಿದ ಮೊಬೈಲಿನ ಒಟಿಪಿ ಮೂಲಕ ಇ-ಸಹಿ ಕಡ್ಡಾಯವಾಯಿತು. ಅಂದರೆ ಅದಕ್ಕೆ ಮುಂಚೆ ಬಾಗಿಲು ಸಡಿಲ ಇತ್ತು ಎಂಬುದನ್ನು ಆ ತಿದ್ದುಪಡಿಯೇ ಹೇಳುತ್ತದೆ.

ಇದರಿಂದ ಎರಡೂ ಕಡೆಯವರು ಕಲಿಯುವುದಿದೆ. ಪ್ರಯತ್ನ ನಡೆದದ್ದು ನಿಜ. ಸ್ಥಳ ಪರಿಶೀಲನೆ ನಡೆದಲ್ಲಿ ಅದು ಫಲಿಸಲಿಲ್ಲ ಎಂಬುದೂ ನಿಜ. ಹಾಗಾದರೆ ನಾವು ಕಾಯಬೇಕಾದ್ದು ಆ ಪರಿಶೀಲನೆಯನ್ನು. ಜೋಯಿಡಾದ ಕುಣಬಿ ಮಜರೆಗೆ ಅಥವಾ ಯಲ್ಲಾಪುರದ ಸಿದ್ದಿ ಕೇರಿಗೆ ಬಿಎಲ್‌ಒ ನಿಜವಾಗಿ ನಡೆದುಹೋದರೋ, ಅಂಗನವಾಡಿಯಲ್ಲೇ ಕೂತು ಬರೆದರೋ?

ಸಿದ್ದಾಪುರ ಹೆಗಡೆ
ಅದನ್ನು ಒಪ್ಪುತ್ತೇನೆ. ಆದರೆ ಬಿಎಲ್‌ಒ ಆಗಿರುವವರು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಗ್ರಾಮ ಆಡಳಿತಾಧಿಕಾರಿಗಳು. ತಮ್ಮ ಕೆಲಸದ ಮೇಲೆ ಇದು. ನೆಟ್‌ವರ್ಕ್ ಇಲ್ಲದ ಕಡೆ ಆ್ಯಪ್‌ನಲ್ಲಿ ತುಂಬಿಸಿ ಎಂದರೆ ಅವರೇನು ಮಾಡಬೇಕು? ದೋಷವನ್ನು ಕೆಳಗಿನವರ ತಲೆಗೆ ಕಟ್ಟುವ ಮೊದಲು ಮೇಲಿನವರನ್ನು ಕೇಳಿ. ತೆಗೆಯುವ ಆದೇಶಕ್ಕೆ ಸಹಿ ಹಾಕುವುದು ನೋಂದಣಿ ಅಧಿಕಾರಿ, ಬಿಎಲ್‌ಒ ಅಲ್ಲ.

ಹೊನ್ನಾವರ ಅಕ್ಕ
ಹೆಂಗಸರ ಹೆಸರು ಹೋಗುವ ದಾರಿಯೇ ಬೇರೆ, ಅದನ್ನು ಯಾರೂ ಹೇಳಲಿಲ್ಲ. ಮದುವೆಯಾದ ಮೇಲೆ ತವರಿನವರು ಫಾರಂ 7 ಕೊಟ್ಟು ತೆಗೆಸುತ್ತಾರೆ, ಗಂಡನ ಮನೆಯಲ್ಲಿ ಹೊಸತಾಗಿ ಫಾರಂ 6 ಹಾಕುತ್ತಾರೆ. ಎರಡೂ ತಪ್ಪು ಕ್ರಮ. ಅಲ್ಲಿ ತೆಗೆದದ್ದು ಬೇಗ ಆಗುತ್ತದೆ, ಇಲ್ಲಿ ಸೇರ್ಪಡೆ ತಡವಾಗುತ್ತದೆ, ನಡುವೆ ಚುನಾವಣೆ ಬಂದರೆ ಎಲ್ಲೂ ಇಲ್ಲ. ಆಗಸ್ಟ್ 2022ರಿಂದ ಸ್ಥಳಾಂತರಕ್ಕೆ ಒಂದೇ ಅರ್ಜಿ, ಫಾರಂ 8. ಕ್ಷೇತ್ರದ ಒಳಗೂ ಅದೇ, ಹೊರಗೂ ಅದೇ. ಹೊಸ ಕಡೆ ಸೇರಿದಾಗ ಹಳೆಯದು ಹೋಗುತ್ತದೆ, ಎಪಿಕ್ ನಂಬರು ಬದಲಾಗುವುದಿಲ್ಲ. ಗಂಡನ ಮನೆಯ ವಿಳಾಸಕ್ಕೆ ಹುಡುಗಿಯ ಹೆಸರಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸಿದರೆ ಆಧಾರ್ ವಿಳಾಸ ಮೊದಲು ಬದಲಿಸಿ.

ಹೊಸಬರಿಗೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಈ ನಾಲ್ಕರಲ್ಲಿ ಯಾವ ದಿನಕ್ಕೆ 18 ತುಂಬಿದರೂ ಸೇರಬಹುದು. 17 ತುಂಬಿದವರು ಮುಂಗಡವಾಗಿ ಅರ್ಜಿ ಕೊಟ್ಟಿಡಬಹುದು.

ವಯಸ್ಸಾದವರ ಮನೆ ಮತದಾನಕ್ಕೆ ಫಾರಂ 12ಡಿ. 85 ದಾಟಿದವರಿಗೆ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇದ್ದವರಿಗೆ. ಅಧಿಸೂಚನೆ ಹೊರಟ ಐದು ದಿನದೊಳಗೆ ತಲುಪಬೇಕು. ಒಂದು ಎಚ್ಚರಿಕೆ: ಅದು ಮಂಜೂರಾದರೆ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅಂಚೆ ಮತದ ಗುರುತು ಬೀಳುತ್ತದೆ, ಮತಗಟ್ಟೆಗೆ ಹೋದರೆ ಬಿಡುವುದಿಲ್ಲ. ತಂಡ ಮನೆಗೆ ಬಂದಾಗ ಅಜ್ಜಿ ಮಗಳ ಮನೆಗೆ ಹೋಗಿದ್ದರೆ ಇನ್ನೊಮ್ಮೆ ಬರುತ್ತಾರೆ, ಆಗಲೂ ಇಲ್ಲದಿದ್ದರೆ ಮತ ಹೋಯಿತು. ನಡೆದಾಡುವ ಶಕ್ತಿ ಇದ್ದವರಿಗೆ 12ಡಿ ತುಂಬಿಸಬೇಡಿ.

ಭಟ್ಕಳ ಬಂದರು
ಗಲ್ಫ್‌ನಲ್ಲಿ ಇರುವವರದ್ದು ನಮ್ಮಲ್ಲಿ ನಿತ್ಯದ ಗೊಂದಲ. ಬೇರೆ ದೇಶದ ಪೌರತ್ವ ಪಡೆಯದಿದ್ದರೆ ಕಲಂ 20ಎ ಪ್ರಕಾರ ಪಾಸ್‌ಪೋರ್ಟಿನಲ್ಲಿ ಇರುವ ಭಾರತದ ವಿಳಾಸದ ಕ್ಷೇತ್ರದಲ್ಲಿ ನೋಂದಾಯಿಸಬಹುದು, ಅದು ಫಾರಂ 6ಎ. ಅವರಿಗೆ ಎಪಿಕ್ ಕೊಡುವುದಿಲ್ಲ, ಮತಗಟ್ಟೆಗೆ ಖುದ್ದು ಬಂದು ಅಸಲಿ ಪಾಸ್‌ಪೋರ್ಟ್ ತೋರಿಸಿ ಹಾಕಬೇಕು. ಅಲ್ಲಿಂದಲೇ ಆನ್‌ಲೈನಿನಲ್ಲಿ ಹಾಕಬಹುದು ಎಂದು ಓಡಾಡುವ ಸಂದೇಶ ಸುಳ್ಳು. ಮೊದಲೇ ಸಾಮಾನ್ಯ ಮತದಾರರಾಗಿ ಹೆಸರಿದ್ದವರ ಮೇಲೆ ‘ವಿದೇಶದಲ್ಲಿದ್ದಾರೆ’ ಎಂದು ಫಾರಂ 7 ಬಂದರೆ ಉತ್ತರ ಕೊಡುವುದು ಕಷ್ಟ, ಹಾಗಾಗಿ 6ಎ ಮಾಡಿಸಿಕೊಳ್ಳುವುದೇ ಭದ್ರ. ಹೆಸರಿನ ಕಾಗುಣಿತವೂ ನೋಡಿ. ಅರಬ್ಬಿ ಮೂಲದ ಹೆಸರುಗಳನ್ನು ಕನ್ನಡಕ್ಕೆ ತರುವಾಗ ಅಣ್ಣತಮ್ಮಂದಿರಿಗೇ ಒಂದೊಂದು ರೀತಿ ಬರೆದಿರುತ್ತಾರೆ. ಕಾಗುಣಿತ ತಪ್ಪಿದೆ ಎಂದು ಮತಗಟ್ಟೆಯಿಂದ ವಾಪಸ್ ಕಳಿಸುವಂತಿಲ್ಲ, ಮನುಷ್ಯ ಅವನೇ ಎಂದು ಎಪಿಕ್‌ನಿಂದ ಗೊತ್ತಾದರೆ ಸಾಕು. ಆದರೆ ಹಳೆಯ ಪಟ್ಟಿ ಜತೆ ಹೋಲಿಸುವಾಗ ಅದೇ ಮುಳುವಾಗುತ್ತದೆ.

ಸದಾಶಿವಗಡ ನಾಯ್ಕ
ಹೋಲಿಸುವ ಮಾತು ಬಂದದ್ದು ಒಳ್ಳೆಯದಾಯಿತು. ಮನೆಮನೆಗೆ ಗಣತಿ ಫಾರಂ ಕೊಟ್ಟು, ಹಳೆಯ ಪಟ್ಟಿ ಜತೆ ಹೋಲಿಸಿ, ಪಟ್ಟಿಯನ್ನೇ ಹೊಸದಾಗಿ ಮಾಡುವ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಎಸ್‌ಐಆರ್. ಬಿಹಾರದಲ್ಲಿ ಜೂನ್ 2025ರಲ್ಲಿ ಶುರುವಾಗಿ, ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಬಿಟ್ಟುಹೋದವರ ಹೆಸರನ್ನು ಕಾರಣದ ಜತೆ ಪ್ರಕಟಿಸಿ ಎಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ಸೆಪ್ಟೆಂಬರ್‌ನಲ್ಲಿ ಆಧಾರ್ ಅನ್ನೂ ಗುರುತಿನ ದಾಖಲೆಯಾಗಿ ಸೇರಿಸಿ ಎಂದಿತು. ಅಕ್ಟೋಬರ್ 27ರಂದು ಪ್ರಕಟವಾದ ಎರಡನೇ ಹಂತದಲ್ಲಿ ಕರ್ನಾಟಕ ಇರಲಿಲ್ಲ, ಗೋವಾ ಇತ್ತು. ಕಾಳಿ ಸೇತುವೆ ದಾಟಿ ಕೆಲಸಕ್ಕೆ ಹೋಗುವ ನಮ್ಮವರು ಎಷ್ಟು ಮಂದಿ! ಕಾಣಕೋಣ, ಮಡಗಾಂವ್, ವಾಸ್ಕೊದಲ್ಲಿ ಬಾಡಿಗೆ ಮನೆ, ಕಾರವಾರದಲ್ಲಿ ಹೆಸರು. ಅಲ್ಲಿ ಗಣತಿ ಫಾರಂಗೆ ಸಹಿ ಹಾಕಿ ಇಲ್ಲೂ ಹೆಸರು ಉಳಿಸಿಕೊಂಡರೆ ಎರಡು ಕಡೆಯ ಘೋಷಣೆಯಲ್ಲಿ ಒಂದು ಸುಳ್ಳು. ಎಲ್ಲಿ ಎಂದು ಮೊದಲೇ ನಿರ್ಧರಿಸಿಕೊಳ್ಳಬೇಕು.

ಬನವಾಸಿ ರಸ್ತೆ
ಎಸ್‌ಐಆರ್‌ನಲ್ಲಿ ಕರ್ನಾಟಕಕ್ಕೆ ಹೋಲಿಸುವ ಹಳೆಯ ಪಟ್ಟಿ 2002ರದ್ದು. ಅಲ್ಲಿ ನಿಮ್ಮ ಹೆಸರು, ಇಲ್ಲವೇ ತಂದೆತಾಯಿಯ ಹೆಸರು ತೋರಿಸಿದರೆ ಕೆಲಸ ಹಗುರ. ಆದರೆ ನಮ್ಮ ಜಿಲ್ಲೆಯವರು ಎಡವುವ ಜಾಗ ಒಂದಿದೆ. 2002ರ ಪಟ್ಟಿ ಹಳೆಯ ಕ್ಷೇತ್ರಗಳ ಪ್ರಕಾರ ಇದೆ. 2008ರ ಮರುವಿಂಗಡಣೆಗೆ ಮುಂಚೆ ಅಂಕೋಲಾ ಪ್ರತ್ಯೇಕ ವಿಧಾನಸಭಾ ಕ್ಷೇತ್ರ, ಯಲ್ಲಾಪುರ ಎಂಬ ಕ್ಷೇತ್ರ ಆಗ ಇರಲಿಲ್ಲ. ಈಗಿನ ಭಾಗ ಸಂಖ್ಯೆ ಹಾಕಿ ಹುಡುಕಿದರೆ ಬೇರೆ ಯಾವುದೋ ಊರು ತೆರೆಯುತ್ತದೆ. ಊರಿನ ಮತಗಟ್ಟೆ ಶಾಲೆಯ ಹೆಸರಿನಿಂದ ಹುಡುಕಿ. ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟು ಎದ್ದುಹೋದವರ ವಿಳಾಸ ಬದಲಾಗಿದೆ, ಅಂಥವರು ಹಳೆಯ ಊರಿನ ಭಾಗವನ್ನೂ ಪುನರ್ವಸತಿ ಕಾಲೊನಿಯ ಭಾಗವನ್ನೂ ಎರಡನ್ನೂ ನೋಡಬೇಕು. ಸಿಕ್ಕ ಪುಟದ ಪ್ರತಿ ತೆಗೆದು, ಭಾಗ ಮತ್ತು ಕ್ರಮ ಸಂಖ್ಯೆಗೆ ಗೀಟು ಹಾಕಿ ಇಟ್ಟುಕೊಳ್ಳಿ.

ಗಂಗಾವಳಿ ತೀರ
ಮತದಾನದ ದಿನ ಏನಾಗುತ್ತದೆ, ಏನು ಕೇಳಬಹುದು ಎಂಬುದನ್ನೂ ಬರೆದುಬಿಡುತ್ತೇನೆ.

ಹೆಸರು ಇದೆ, ಆದರೆ ‘ಗೈರು, ಸ್ಥಳಾಂತರ, ಮೃತ’ ಎಂಬ ಪ್ರತ್ಯೇಕ ಪಟ್ಟಿಯಲ್ಲೂ ಇದೆ ಎಂದು ನಿಲ್ಲಿಸಿದರೆ ವಾಪಸ್ ಬರಬೇಡಿ. ಆ ಪಟ್ಟಿ ಇರುವುದು ಗುರುತನ್ನು ಜಾಸ್ತಿ ಜಾಗ್ರತೆಯಿಂದ ನೋಡಲಿ ಎಂದು, ಮತ ತಡೆಯಲಿ ಎಂದಲ್ಲ. ಎಪಿಕ್ ಅಥವಾ ಒಪ್ಪಿತ ದಾಖಲೆ ತೋರಿಸಿ, ಸಹಿಯ ಜತೆ ಹೆಬ್ಬೆಟ್ಟೂ ಘೋಷಣೆಯೂ ಕೊಟ್ಟರೆ ಮತ ಹಾಕಬಹುದು. ಆಧಾರ್, ಉದ್ಯೋಗ ಖಾತರಿ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಇವೆಲ್ಲ ನಡೆಯುತ್ತವೆ. ಮನೆಗೆ ಬರುವ ಮತದಾರರ ಚೀಟಿ ಒಂದೇ 2019ರಿಂದ ನಡೆಯುವುದಿಲ್ಲ. ಪಡಿತರ ಚೀಟಿಯೂ ಆ ಪಟ್ಟಿಯಲ್ಲಿಲ್ಲ, ಹಳ್ಳಿಗಳಲ್ಲಿ ಅದನ್ನು ಹಿಡಿದು ಬಂದವರೇ ಹೆಚ್ಚು ವಾಪಸ್ ಹೋಗುವುದು.

ಏಜೆಂಟ್ ‘ಇವರು ಅವರಲ್ಲ’ ಎಂದರೆ ಅವನು ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬೇಕು. ಬಾಯಿಮಾತಿಗೆ ಬೆಲೆಯಿಲ್ಲ.

ನಿಮ್ಮ ಮತ ಬೇರೆಯವರು ಹಾಕಿಹೋಗಿದ್ದರೆ ನಿಯಮ 49ಪಿ. ಫಾರಂ 17ಬಿಯಲ್ಲಿ ಸಹಿ ಮಾಡಿಸಿಕೊಂಡು ಕಾಗದದ ಮತಪತ್ರ ಕೊಡಲೇಬೇಕು. ಅದನ್ನು ಎಣಿಕೆಯಲ್ಲಿ ಸೇರಿಸುವುದಿಲ್ಲ, ಲಕೋಟೆಯಲ್ಲಿ ಇಡುತ್ತಾರೆ. ಆದರೂ ಕೇಳಿ ಪಡೆಯಿರಿ. ಮುಂದೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಬಂದರೆ, ಮತ ಕಳವಾಗಿದೆ ಎನ್ನಲು ಇರುವ ಸಾಕ್ಷಿ ಅದೇ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಅಂದು ಏನೂ ಇಲ್ಲ.

ಕುಮಟಾ ಶಾನಭಾಗ
ಆ ಕೊನೆಯ ಸಾಲೇ ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ. ಅಮೆರಿಕದಲ್ಲಿ ಮತದ ಹಕ್ಕು ಕಸಿಯುವ ಬಗ್ಗೆ ಇಲ್ಲಿಗಿಂತ ಹೆಚ್ಚು ಜಗಳ ಇದೆ. 1965ರ ಮತದಾನ ಹಕ್ಕು ಕಾಯ್ದೆಯಲ್ಲಿ ಕೆಲವು ರಾಜ್ಯಗಳು ನಿಯಮ ಬದಲಿಸುವ ಮೊದಲು ಕೇಂದ್ರದ ಅನುಮತಿ ಪಡೆಯಬೇಕಿತ್ತು, 2013ರ ಶೆಲ್ಬಿ ಕೌಂಟಿ ತೀರ್ಪಿನಿಂದ ಅದು ನಿಂತುಹೋಯಿತು. ಆದರೂ 2002ರ ಕಾನೂನಿನಿಂದ ಅಲ್ಲಿ ಒಂದು ಒಳ್ಳೆಯದಿದೆ: ಪಟ್ಟಿಯಲ್ಲಿ ಹೆಸರು ಸಿಗದವರಿಗೂ ತಾತ್ಕಾಲಿಕ ಮತಪತ್ರ ಕೊಡುತ್ತಾರೆ, ಅರ್ಹರೆಂದು ಪರಿಶೀಲನೆಯಲ್ಲಿ ಗೊತ್ತಾದರೆ ಅದನ್ನು ಎಣಿಸುತ್ತಾರೆ. ನಮ್ಮಲ್ಲಿ ಅಂಥದ್ದು ಬಂದರೆ ತಪ್ಪಾಗಿ ತೆಗೆದ ಹೆಸರುಗಳ ನಿಜವಾದ ಸಂಖ್ಯೆ ಪ್ರತಿ ಬೂತಿನಲ್ಲಿ ತಾನಾಗಿಯೇ ದಾಖಲಾಗುತ್ತದೆ.

ಸಿದ್ದಾಪುರ ಹೆಗಡೆ
ಅದು ಒಳ್ಳೆಯ ಸಲಹೆ, ನಾನೂ ಬೆಂಬಲಿಸುತ್ತೇನೆ. ಈಗ ಸದ್ಯಕ್ಕೆ, ಹೆಸರು ಹೋದವರು ಫಾರಂ 6 ಹಾಕಿದರೆ ಆಯಿತಲ್ಲ? ನಾಮಪತ್ರದ ಕೊನೆಯ ದಿನಕ್ಕೆ ಹತ್ತು ದಿನ ಮೊದಲು ಕೊಟ್ಟರೂ ಸೇರುತ್ತದೆ.

ಕುಮಟಾ ಶಾನಭಾಗ
ಸೇರುತ್ತದೆ, ಹೆಗಡೇರೇ. ಮತ ಉಳಿಸಿಕೊಳ್ಳಲು ಅದನ್ನು ಹಾಕಲೇಬೇಕು. ಆದರೆ ಫಾರಂ 6 ಹೊಸ ಮತದಾರರದ್ದು. ಮೂವತ್ತು ವರ್ಷ ಮತ ಹಾಕಿದವರು ಅದನ್ನು ತುಂಬಿದರೆ ದಾಖಲೆಯಲ್ಲಿ ಹೊಸಬರಾಗಿ ಸೇರಿಕೊಳ್ಳುತ್ತಾರೆ, ತಪ್ಪಾಗಿ ತೆಗೆದದ್ದು ಎಲ್ಲೂ ತಪ್ಪೆಂದು ನಮೂದಾಗುವುದಿಲ್ಲ. ಹಾಗಾಗಿ ಎರಡೂ ಮಾಡಿ. ಒಂದು ಕಡೆ ಫಾರಂ 6. ಇನ್ನೊಂದು ಕಡೆ ಕಲಂ 24ರ ಮೇಲ್ಮನವಿ: ಆದೇಶದ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಮೂವತ್ತು ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಆದೇಶದ ಪ್ರತಿಯೇ ಕೈಸೇರಲಿಲ್ಲ ಎಂದಾದರೆ ಗೊತ್ತಾದ ದಿನವನ್ನು ಬರೆದು, ವಿಳಂಬ ಮನ್ನಿಸಿ ಎಂದು ಅದರಲ್ಲೇ ಕೇಳಿ.

ಜತೆಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ನಾಲ್ಕೇ ಪ್ರತಿ ಕೇಳಿ: ನನ್ನ ಹೆಸರಿನ ಮೇಲೆ ಬಂದ ಫಾರಂ 7, ನನಗೆ ಕಳಿಸಿದ ನೋಟಿಸು ಮತ್ತು ಅದು ತಲುಪಿದ ಸ್ವೀಕೃತಿ, ಬಿಎಲ್‌ಒ ವರದಿ, ತೆಗೆದ ಆದೇಶ. ಫಾರಂ 7 ಇಲ್ಲ ಎಂದು ಉತ್ತರ ಬಂದರೆ ಅಧಿಕಾರಿ ತಾವಾಗಿ ತೆಗೆದಿದ್ದಾರೆ, ಆಗ 1960ರ ನೋಂದಣಿ ನಿಯಮಗಳ 21ಎ ಪ್ರಕಾರ ಅವಕಾಶ ಕೊಟ್ಟಿದ್ದಿರಾ ಎಂದು ಕೇಳಬೇಕು. ಸ್ವೀಕೃತಿಯಲ್ಲಿ ಬೇರೆಯವರ ಸಹಿ ಇದ್ದರೆ ಮೇಲ್ಮನವಿ ಅರ್ಧ ಗೆದ್ದ ಹಾಗೆ.

ಹೊನ್ನಾವರ ಅಕ್ಕ
ಕೆಲಸಕ್ಕೆ ಹೊರಗೆ ಹೋದವರಿಗೆ ಒಂದು ಮಾತು. 1951ರ ಕಾಯ್ದೆಯ ಕಲಂ 135ಬಿ ಪ್ರಕಾರ ಮತದಾನದ ದಿನ ಸಂಬಳಸಹಿತ ರಜೆ, ದಿನಗೂಲಿಯವರಿಗೂ ಇದೆ. ಕೊಡದ ಮಾಲೀಕರಿಗೆ ದಂಡ ಐದು ನೂರರವರೆಗೆ ಮಾತ್ರ, ಅದು ತೀರಾ ಕಡಿಮೆ. ಗೈರಿನಿಂದ ಅಪಾಯ ಅಥವಾ ಭಾರೀ ನಷ್ಟ ಆಗುವ ಕೆಲಸಕ್ಕೆ ವಿನಾಯಿತಿ ಇದೆ. ಸಮುದ್ರದಲ್ಲಿರುವ ಬೋಟಿನವರಿಗೆ ಮಾಲೀಕರು ಹೇಳುವುದು ಇದನ್ನೇ. ಸೇನೆಯವರಿಗೆ ಅಂಚೆ ಮತ ಇದೆ, ಮೀನುಗಾರರಿಗೆ ಇಲ್ಲ.

ಗಂಗಾವಳಿ ತೀರ
ಹಾಗಾಗಿ ಬಂದರಿನ ಸಂಘಗಳು ಮತದಾನದ ಹಿಂದಿನ ದಿನ ಬೋಟ್ ಇಳಿಸದಂತೆ ತಾವೇ ಮೊದಲೇ ತೀರ್ಮಾನಿಸಿ ಬರೆದು ಹಾಕಬೇಕು. ದಿನಾಂಕ ಘೋಷಣೆಯಾದ ವಾರದಲ್ಲೇ ಹಾಕಿದರೆ ಮಲ್ಪೆ, ಗೋವಾದಲ್ಲಿರುವವರಿಗೂ ಬಸ್ಸಿನ ಸೀಟು ಸಿಗುತ್ತದೆ.

ಸದಾಶಿವಗಡ ನಾಯ್ಕ
ಕಾರವಾರ 77ರ ಫಾರಂ 10ನ್ನು ಪ್ರತಿ ಸೋಮವಾರ ಇಳಿಸಿ ಭಾಗವಾರು ಇಲ್ಲೇ ಹಾಕುತ್ತೇನೆ. ಕುಮಟಾ, ಭಟ್ಕಳ, ಶಿರಸಿಯದ್ದನ್ನು ನೀವು ಮೂವರು ನೋಡಿಕೊಳ್ಳಿ. ಹಳಿಯಾಳ, ಯಲ್ಲಾಪುರಕ್ಕೆ ಯಾರಾದರೂ ಬೇಕು.